ಕಡ್ಡಿ, ತಂತಿ, ಒಂದು ಗೆರೆ

ವಿಭವಾಂತರ ಏರಿದಂತೆ ತಂತಿಯಲ್ಲಿ ವಿದ್ಯುತ್ ಪ್ರವಾಹ ಎಷ್ಟು ಏರುತ್ತದೆ ಎಂದು ಗ್ರಾಫ್ ಹಾಳೆಯಲ್ಲಿ ಗುರುತಿಸುವುದು ಹತ್ತನೇ ತರಗತಿಯ ಪ್ರಯೋಗ. ಬಶೀರಾಬಾದಿನ ಮಕ್ಕಳು ಓದುತ್ತ ಬಂದ ತೆಲಂಗಾಣದ ಪಠ್ಯದಲ್ಲಿ ಇದಕ್ಕೆ 10 ಸೆಂಟಿಮೀಟರಿನ ತೆಳು ಕಬ್ಬಿಣದ ಕಡ್ಡಿ ಸಾಕು. ಗಡಿಯಾಚೆ ಸೇಡಂನಲ್ಲಿ, ಕರ್ನಾಟಕದ ಪಠ್ಯದ ಪ್ರಕಾರ, ಅರ್ಧ ಮೀಟರ್ ನೈಕ್ರೋಮ್ ತಂತಿ ಬೇಕು.

ಸೈಕಲ್ ಅಂಗಡಿಯಲ್ಲಿ ಕಡ್ಡಿ ಸುಲಭವಾಗಿ ಸಿಗುತ್ತದೆ, ನಿಜ. ಆದರೆ 2 ಮಿಲಿಮೀಟರ್ ದಪ್ಪದ ಅಂಥ ತುಂಡಿನ ರೋಧ 0.01 ಓಮ್ ಕೂಡ ಇರದು. ಸೆಲ್ಲಿನ ಮಟ್ಟಿಗೆ ಅದು ಶಾರ್ಟ್ ಆದಂತೆಯೇ: ಪ್ರವಾಹ ನುಗ್ಗುತ್ತದೆ, ಸೆಲ್ ಬಿಸಿಯಾಗಿ ಬೇಗ ಸೋಲುತ್ತದೆ, ವೋಲ್ಟ್‌ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲುವುದೇ ಕಷ್ಟ. ನೈಕ್ರೋಮಿನ ರೋಧಶೀಲತೆ ಕಬ್ಬಿಣದ ಹತ್ತರಷ್ಟು. ತೆಳು ತಂತಿಯಾದರೆ ಅರ್ಧ ಮೀಟರಿಗೇ ಏಳೆಂಟು ಓಮ್ ಸಿಗುತ್ತದೆ. ಅಳೆಯಲು ಇದೇ ವಾಸಿ.

ಅಮ್ಮೀಟರನ್ನು ತಂತಿಯೊಂದಿಗೆ ಸರಣಿಯಲ್ಲಿ, ವೋಲ್ಟ್‌ಮೀಟರನ್ನು ತಂತಿಯ ಎರಡು ತುದಿಗಳಿಗೆ ಸಮಾಂತರವಾಗಿ ಜೋಡಿಸಬೇಕು. ಒಂದು ಸೆಲ್ ಹಾಕಿದಾಗ 1.4 ವೋಲ್ಟ್, 0.19 ಆಂಪಿಯರ್ ಬಂತೆನ್ನಿ, ಎರಡಕ್ಕೆ 2.7 ಮತ್ತು 0.36, ಮೂರಕ್ಕೆ 4.1 ಮತ್ತು 0.55, ನಾಲ್ಕಕ್ಕೆ 5.3 ಮತ್ತು 0.71. ಅಳತೆ ಓದಿದ ಕೂಡಲೇ ಕೀ ತೆಗೆಯಬೇಕು. ತಂತಿ ಕಾದರೆ ರೋಧವೂ ಬದಲಾಗುತ್ತದೆ.

ಪ್ರವಾಹವನ್ನು ಅಡ್ಡ ಅಕ್ಷದಲ್ಲೂ ವಿಭವಾಂತರವನ್ನು ಲಂಬ ಅಕ್ಷದಲ್ಲೂ ಇಟ್ಟು ನಾಲ್ಕು ಚುಕ್ಕೆ ಹಾಕಿದರೆ ಅವು ಹೆಚ್ಚುಕಡಿಮೆ ಒಂದೇ ನೇರದಲ್ಲಿ ಬೀಳುತ್ತವೆ. ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆಯುವುದು ಮಕ್ಕಳ ಸಾಮಾನ್ಯ ತಪ್ಪು. ಎಲ್ಲ ಚುಕ್ಕೆಗಳ ನಡುವೆ ಹಾಯುವ, ಮೂಲಬಿಂದುವಿನಿಂದ ಹೊರಟ ಒಂದೇ ನೇರ ಗೆರೆ ಬೇಕು. ಅದರ ಇಳಿಜಾರೇ ರೋಧ, ಇಲ್ಲಿ ಸುಮಾರು 7.5 ಓಮ್. ಅಕ್ಷಗಳನ್ನು ಅದಲುಬದಲು ಮಾಡಿದರೆ ಇಳಿಜಾರು ರೋಧದ ವ್ಯುತ್ಕ್ರಮವಾಗುತ್ತದೆ; ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ವಿಭವಾಂತರದ ಅನುಪಾತದಲ್ಲೇ ಪ್ರವಾಹ ಏರುತ್ತದೆ ಎಂಬ ಈ ನಿಯಮವನ್ನು 1827ರಲ್ಲಿ ಪುಸ್ತಕದಲ್ಲಿ ವಿವರಿಸಿದ ಜರ್ಮನಿಯ ಶಾಲಾ ಮೇಷ್ಟರು ಗೇಯಾರ್ಗ್ ಸೈಮನ್ ಓಮ್‌ಗೂ ಸೆಲ್‌ಗಳು ಕೈಕೊಟ್ಟಿದ್ದವು. ಅವುಗಳ ವಿಭವ ನಿಲ್ಲುತ್ತಿರಲಿಲ್ಲವಾಗಿ, ತಾಪದ ವ್ಯತ್ಯಾಸದಿಂದ ವಿದ್ಯುತ್ ಕೊಡುವ ಬಿಸ್ಮತ್-ತಾಮ್ರದ ಜೋಡಿಯನ್ನು ಅವರು ಬಳಸಿದರು.

ಎಲ್ಲ ವಸ್ತುಗಳೂ ನೇರ ಗೆರೆ ಕೊಡುವುದಿಲ್ಲ. 230 ವೋಲ್ಟ್, 60 ವಾಟ್‌ನ ಹಳೆಯ ಬಲ್ಬು ಉರಿಯುವಾಗ ಅದರ ರೋಧ ಸುಮಾರು 880 ಓಮ್. ತಣ್ಣಗಿರುವಾಗ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಹಾಗಾಗಿ ಗೆರೆ ಮೇಲಕ್ಕೆ ಬಾಗುತ್ತದೆ. ಕೆಂಪು ಎಲ್‌ಇಡಿಯಲ್ಲಿ ಸುಮಾರು 1.8 ವೋಲ್ಟ್‌ವರೆಗೆ ಪ್ರವಾಹ ಇಲ್ಲವೆನ್ನುವಷ್ಟು. ಅದು ದಾಟಿತೋ, ವಿಭವಾಂತರ ತುಸು ಏರಿದರೂ ಪ್ರವಾಹ ಹಲವು ಪಟ್ಟು ಜಿಗಿಯುತ್ತದೆ. ಎಲ್‌ಇಡಿಗೆ ಸರಣಿಯಲ್ಲೊಂದು ರೋಧಕ ಹಾಕುವುದು ಈ ಜಿಗಿತವನ್ನು ತಡೆಯಲಿಕ್ಕೇ.