ಬೆಸುಗೆಯ ಕಾವು

ನಮ್ಮ ಯಾವಗಲ್ಲಿನ ಓಣಿಗಳಿಗೆ ಹಿಂದೆ ಕಲಾಯಿಯವನು ಬರುತ್ತಿದ್ದ. ತಾಮ್ರ ಹಿತ್ತಾಳೆಯ ಪಾತ್ರೆಯನ್ನು ತಿದಿಯ ಬೆಂಕಿಯ ಮೇಲಿಟ್ಟು, ನವಸಾಗರದ ಪುಡಿಯನ್ನು ಅರಳೆಯಿಂದ ಒಳಗೆಲ್ಲ ತಿಕ್ಕಿ, ತವರವನ್ನು ಮುಟ್ಟಿಸಿದನೆಂದರೆ ಕಪ್ಪಾಗಿದ್ದ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ರೇಡಿಯೋದೊಳಗಿನ ತಂತಿಗಳನ್ನು ಕೂಡಿಸುವ ಬೆಸುಗೆಯೂ ಅದೇ ವಿದ್ಯೆಯ ಕವಲು ಎಂಬುದು ನನಗೆ ಬಹುಕಾಲದ ಮೇಲೆ ತಿಳಿಯಿತು. ಅಲ್ಲಿ ನವಸಾಗರ, ಇಲ್ಲಿ ರಾಳ. ಲೋಹದ ಮೇಲಿನ ಕಿಲುಬನ್ನು ಕಳೆದು ತವರಕ್ಕೆ ಹಾದಿ ಮಾಡಿಕೊಡುವುದೇ ಎರಡರ ಕೆಲಸ. ಆದರೆ ಪಾತ್ರೆಯ ನವಸಾಗರವನ್ನು ಯಾರೂ ರೇಡಿಯೋಕ್ಕೆ ತಿಕ್ಕಬಾರದು. ಉಳಿದ ಕಣ ತಂತಿಯನ್ನೇ ತಿಂದುಹಾಕುತ್ತದೆ.

ಇದೆಲ್ಲ ನೆನಪಾದದ್ದು ಅಣ್ಣನ ಮೊಮ್ಮಗಳಿಂದ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿರುವ ಹುಡುಗಿ. “ಅಜ್ಜಾ, ಮುನ್ನೂರು ರೂಪಾಯ್ದಾಗ ಬೆಸುಗಿ ಕಡ್ಡಿ ಸಿಗ್ತೈತಿ, ತರ್ಲೇನು?” ಎಂದು ಕೇಳಿದಳು. ನಾನು ಕೂಡಲೆ ಉತ್ತರ ಕೊಡಲಿಲ್ಲ. ಅವಳ ವಯಸ್ಸಿನಲ್ಲಿ ನಾನೂ ಅಂಥದೊಂದನ್ನು ಕೊಂಡಿದ್ದೆ. ಮೇಜಿನ ಮೇಲೆ ಉರುಳಿದ ಕಡ್ಡಿ ತನ್ನ ತಂತಿಯನ್ನು ತಾನೇ ಸುಟ್ಟುಕೊಂಡಿತು, ನೋಡದೆ ಹಿಡಿದೆ. ಮನೆಯ ವಿದ್ಯುತ್ತು ಮೊಳಕೈವರೆಗೆ ಏರಿ ನನ್ನನ್ನು ಗೋಡೆಗೆ ಎಸೆಯಿತು. ಎಡಗೈ ಬೆರಳಿನ ಕಲೆ ಇನ್ನೂ ಹೋಗಿಲ್ಲ.

ಅಂಥ ಕಡ್ಡಿಯಲ್ಲಿ 230 ವೋಲ್ಟ್ ನೇರವಾಗಿ ಹಿಡಿಕೆಯೊಳಕ್ಕೇ ಬರುತ್ತದೆ. ಕಾವಿಗೂ ಅಂಕೆಯಿಲ್ಲ, ಸುಮ್ಮನೆ ಇಟ್ಟರೆ ತುದಿ 400 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರಕ್ಕೂ ಏರಬಹುದು. 63 ಪಾಲು ತವರ, 37 ಪಾಲು ಸೀಸ ಸೇರಿದ ಬೆಸುಗೆ ಕರಗುವುದು 183 ಡಿಗ್ರಿಯಲ್ಲಿ. ಕೆಲಸಕ್ಕೆ 320ರಿಂದ 350 ಡಿಗ್ರಿ ಧಾರಾಳವಾಯಿತು. ಅದಕ್ಕಿಂತ ಮೇಲಿನ ಕಾವಿನಲ್ಲಿ ರಾಳ ಕರಕಾಗುತ್ತದೆ, ಹಲಗೆಯ ಮೇಲಿನ ತಾಮ್ರದ ಗೆರೆ ಸಿಪ್ಪೆಯಂತೆ ಏಳುತ್ತದೆ.

‘ಸ್ಟೇಷನ್’ ಎಂದು ಕರೆಯುವ ಉಪಕರಣದಲ್ಲಿ ಕಾವನ್ನು ಅಳೆಯುವ ಸಂವೇದಕವಿರುತ್ತದೆ. ಹೆಚ್ಚಾದರೆ ತಡೆಯುತ್ತದೆ, ಕಡಿಮೆಯಾದರೆ ಕೊಡುತ್ತದೆ. ಜಪಾನಿನ ಹಾಕೋ 936 ಎಂಬುದು ಈ ಬಗೆಯಲ್ಲಿ ಹೆಸರಾದ ಮಾದರಿ. ಅದರ ನಕಲುಗಳಿಗೆ ಲೆಕ್ಕವಿಲ್ಲ. ಒಳಗಿನ ಟ್ರಾನ್ಸ್‌ಫಾರ್ಮರು ವಿದ್ಯುತ್ತನ್ನು 24 ವೋಲ್ಟಿಗೆ ಇಳಿಸಿ ಹಿಡಿಕೆಗೆ ಕಳಿಸುತ್ತದೆ. ನನ್ನ ಪ್ರಕಾರ ಹಣ ಕೊಡಬೇಕಾದದ್ದು ಇದಕ್ಕೇ ಹೊರತು ಮಿನುಗುವ ಅಂಕಿಗಳಿಗಲ್ಲ. ಹಿಡಿಕೆಯ ತಂತಿಗೆ ಸಿಲಿಕೋನ್ ಹೊದಿಕೆಯಿದ್ದರೆ ಬಿಸಿ ತುದಿ ತಾಗಿದರೂ ಸುಲಭವಾಗಿ ಕರಗದು.

ವ್ಯಾಟ್ ಹೆಚ್ಚಾದರೆ ಕಾವು ಹೆಚ್ಚು ಎಂದು ಹಲವರು ತಿಳಿದಿದ್ದಾರೆ. ಜೋಳದ ರೊಟ್ಟಿ ಬೇಯಿಸುವ ನಮ್ಮ ಹೆಣ್ಣುಮಕ್ಕಳನ್ನು ಕೇಳಿ. ಹಸಿ ರೊಟ್ಟಿ ಬಿದ್ದೊಡನೆ ಹಂಚು ತಣಿಯುತ್ತದೆ. ಕೆಳಗಿನ ಉರಿ ಜೋರಾಗಿದ್ದರೆ ಬೇಗ ಚೇತರಿಸಿಕೊಳ್ಳುತ್ತದೆ. ವ್ಯಾಟಿನ ಅರ್ಥ ಇಷ್ಟೇ. ಕಲಿಯುವವರಿಗೆ 50-60 ವ್ಯಾಟ್ ಸಾಕು. ಸೂಜಿಮೊನೆಯ ತುದಿ ನೋಡಲು ಚೆಂದ, ಕಾವನ್ನು ದಾಟಿಸುವುದರಲ್ಲಿ ದುರ್ಬಲ. ಎರಡು ಮಿಲಿಮೀಟರಿನ ಚಪ್ಪಟೆ ಉಳಿಯಂಥ ತುದಿಯನ್ನೇ ಆರಿಸಿರಿ. ಹಳೆಯ ತಾಮ್ರದ ತುದಿಯನ್ನು ಅರದಿಂದ ಉಜ್ಜುವ ರೂಢಿಯಿತ್ತು. ಈಗಿನವು ಕಬ್ಬಿಣದ ಲೇಪದವು, ಉಜ್ಜಿದರೆ ಕೆಟ್ಟವೇ. ಹೊಸದೊಂದನ್ನು ನಾನೇ ಉಜ್ಜಿ ಹಾಳು ಮಾಡಿ ಮೊಮ್ಮಗಳಿಂದ ನಗಿಸಿಕೊಂಡೆ.

ಹೊಗೆಯ ವಿಷಯವಾಗಿ ಒಂದು ತಪ್ಪು ಕಲ್ಪನೆಯುಂಟು. ಅದು ಸೀಸದ ಹೊಗೆಯಲ್ಲ; ಅಷ್ಟು ಕಾವಿನಲ್ಲಿ ಸೀಸ ಹೇಳಿಕೊಳ್ಳುವಷ್ಟು ಆವಿಯಾಗದು. ಅದು ರಾಳದ ಹೊಗೆ. ದಿನದಿನವೂ ಸೇದಿದರೆ ಉಬ್ಬಸ ತರಬಲ್ಲದು, ಕಿಟಕಿ ತೆರೆದಿರಲಿ. ಸೀಸ ಹೊಟ್ಟೆ ಸೇರುವುದು ಬೆರಳುಗಳಿಂದ. ಎದ್ದೊಡನೆ ಸಾಬೂನಿನಿಂದ ಕೈ ತೊಳೆಯದೆ ಚಹದ ಕಪ್ಪು ಮುಟ್ಟಬಾರದು. ಅಡುಗೆಮನೆಯ ಕಟ್ಟೆಯ ಮೇಲೆ, ಮಕ್ಕಳ ಹತ್ತಿರ ಈ ಕೆಲಸ ಕೂಡದು.

ಕೊನೆಗೆ ಹುಬ್ಬಳ್ಳಿಯಿಂದ ಎರಡು ಸಾವಿರದೊಳಗಿನ ಒಂದು ಸ್ಟೇಷನ್ ತಂದೆವು. ಪ್ಲಗ್ಗಿಗೆ ಮೂರು ಕಡ್ಡಿಗಳಿದ್ದವು. ಆದರೆ ಕೆಲವು ಅಗ್ಗದ ನಕಲುಗಳಲ್ಲಿ ಮೂರನೆಯದಕ್ಕೆ ಒಳಗೆ ತಂತಿಯೇ ಇರುವುದಿಲ್ಲ. ಪ್ಲಗ್ಗು ಕಿತ್ತಿಟ್ಟುಕೊಂಡು, ಮಲ್ಟಿಮೀಟರಿನ ಒಂದು ಮೊನೆಯನ್ನು ಅರ್ಥಿಂಗಿನ ದಪ್ಪ ಕಡ್ಡಿಗೆ, ಇನ್ನೊಂದನ್ನು ತುದಿಗೆ ಮುಟ್ಟಿಸಿ ನೋಡಿದೆವು. ಒಂದೆರಡು ಓಮ್ ತೋರಿಸಿತು. ಸರಿ.

ಉಪಕರಣ ಸರಿಯಿದ್ದರೂ ಮನೆಯ ಅರ್ಥಿಂಗ್ ಸರಿಯಿರಬೇಕಲ್ಲ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಕಾಲು ಬಿಡದ ಅದೇ ಮಣ್ಣು ಬೇಸಿಗೆಯಲ್ಲಿ ಬಾಯ್ದೆರೆದು ಬಿರಿಯುತ್ತದೆ. ಆಗ ಹೂತ ಕೊಳವೆಗೆ ಮಣ್ಣಿನ ಸಂಗ ತಪ್ಪುತ್ತದೆ. ಒಣಮಣ್ಣು ವಿದ್ಯುತ್ತನ್ನು ಒಳಗೊಳ್ಳುವುದಿಲ್ಲ. ಗುಂಡಿಗೆ ಉಪ್ಪು, ಇದ್ದಿಲು ತುಂಬುವುದು ತೇವ ನಿಲ್ಲಲೆಂದೇ. ಇದನ್ನೆಲ್ಲ ಅವಳಿಗೆ ಹೇಳಿ ಬಂದಿದ್ದೆ. ಮೊನ್ನೆ ಏಪ್ರಿಲ್ಲಿನ ಉರಿಬಿಸಿಲಿನಲ್ಲಿ ಫೋನ್ ಮಾಡಿದಳು: “ಅಜ್ಜಾ, ಅರ್ಥಿಂಗ್ ಗುಂಡಿಗೆ ಎರಡ ಕೊಡ ನೀರ ಹಾಕೇನಿ. ಈಗ ರೇಡಿಯೋ ಬಿಚ್ಚಲೇನು?”