ಡ್ರೈವರಣ್ಣನ ಬಿಪಿ ಪುಸ್ತಕ

ಇನ್ನೂರು ಪುಟದ ಗೆರೆ ನೋಟ್‌ಬುಕ್. ರಟ್ಟಿನ ಮೇಲಿದ್ದ ಮೊಮ್ಮಗಳ ಹೆಸರು ಹೊಡೆದುಹಾಕಿ ‘ಬಿಪಿ’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಒಳಗೆ ಪುಟಕ್ಕೆ ನಾಲ್ಕು ಕಾಲಂ: ತಾರೀಖು, ಬೆಳಿಗ್ಗೆ, ಸಂಜೆ, ಷರಾ. ಈ ಷರಾ ಕಾಲಂ ಓದುತ್ತಾ ಕೂತವನಿಗೆ ಮುಂದೆ ಇಟ್ಟಿದ್ದ ಕಾಫಿ ಆರಿಹೋದದ್ದೂ ತಿಳಿಯಲಿಲ್ಲ. ‘ಮದುವೆ ಊಟ’, ‘ಮಾತ್ರೆ ಮರೆತೆ’, ‘ರಾತ್ರಿ ಮೋಟಾರು, ನಿದ್ದೆ ಇಲ್ಲ’, ‘ತಮ್ಮನ ಜೊತೆ ಜಮೀನು ಮಾತು’. ಕೊನೆಯದರ ಎದುರು ಸಂಜೆಯ ಅಂಕಿ 164/98. ಮನುಷ್ಯನ ಸಂಸಾರವೆಲ್ಲ ಹೀಗೆ ಪಾದರಸದ ಲೆಕ್ಕದಲ್ಲಿ ದಾಖಲಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪುಸ್ತಕದ ಒಡೆಯರು ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ಒಬ್ಬ ನಿವೃತ್ತ ಬಸ್ ಚಾಲಕರು. ಊರಿಗೆಲ್ಲ ಡ್ರೈವರಣ್ಣ. ಹೆಸರು ಹಾಕಬೇಡಿ ಅಂದದ್ದಕ್ಕೆ ಇಲ್ಲೂ ಹಾಗೇ ಇರಲಿ. ನಾನು ಆ ಕಡೆ ಹೋಗಿದ್ದು ಹುಣಸೆಹಣ್ಣಿನ ಬೆಲೆ ಕೇಳಿಕೊಂಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಆರೋಗ್ಯದ ಸುದ್ದಿ ಎಂದರೆ ಪತ್ರಿಕೆಗಳಿಗೆ ಗೊತ್ತಿರುವುದು ಪಾವಗಡದ ಫ್ಲೋರೈಡ್ ನೀರು ಒಂದೇ. ಬಿಪಿ ಸುದ್ದಿಯಾಗುವುದಿಲ್ಲ, ಅದು ನೋಯುವುದಿಲ್ಲವಲ್ಲ. ಆದರೆ 2023ರಲ್ಲಿ ಪ್ರಕಟವಾದ ಐಸಿಎಂಆರ್‌–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 35.5 ಮಂದಿಗೆ ಅದಿದೆ. ಮೂವರು ಕೂತ ಜಗಲಿಯಲ್ಲಿ ಒಬ್ಬರಿಗೆ ಎಂದಿಟ್ಟುಕೊಳ್ಳಿ.

ಡ್ರೈವರಣ್ಣನ ಕತೆಯಲ್ಲಿ ನನ್ನನ್ನು ಹಿಡಿದಿಟ್ಟದ್ದು ಚೀನಾ. ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಸಿಂಗಪುರಕ್ಕೆ ಹೋದಾಗ ಅವರಿಗೆ ಮಾಡಲು ಕೆಲಸವಿರಲಿಲ್ಲ. ಬೆಳಿಗ್ಗೆ ಮನೆ ಕೆಳಗಿನ ಪಾರ್ಕಿನಲ್ಲಿ ಚೀನೀ ಮುದುಕ ಮುದುಕಿಯರು ಸಾಲಾಗಿ ನಿಂತು ಬಲು ನಿಧಾನವಾಗಿ ಕೈಯೆತ್ತಿ ಇಳಿಸುವುದನ್ನು ನೋಡಿ ಇವರೂ ಹಿಂದಿನ ಸಾಲಿನಲ್ಲಿ ನಿಂತರು. ಯಾರೂ ಓಡಿಸಲಿಲ್ಲ. ಅವರು ಕಲಿತದ್ದು ಬಾದುವಾನ್‌ಜಿನ್, ಚಿಗೊಂಗ್ ಎಂಬ ಉಸಿರು–ಚಲನೆಯ ಅಭ್ಯಾಸಗಳಲ್ಲಿ ಎಂಟು ಭಂಗಿಗಳ ಒಂದು ಹಳೆಯ ಕ್ರಮ. ಎರಡೂ ಕೈಯಿಂದ ಆಕಾಶ ಎತ್ತಿ ಹಿಡಿಯುವುದು ಮೊದಲನೆಯದು, ಬಿಲ್ಲು ಎಳೆದು ಗುರಿ ಹಿಡಿಯುವುದು ಎರಡನೆಯದು, ಹಿಮ್ಮಡಿ ಎತ್ತಿ ಏಳು ಸಲ ಕುಕ್ಕುವುದು ಕೊನೆಯದು. ಈಗ ಅದು ಬಡವನಹಳ್ಳಿಯ ಅವರ ಮನೆ ತಾರಸಿಯ ಮೇಲೆ ನಡೆಯುತ್ತದೆ. ಬಿಲ್ಲಿನ ಭಂಗಿಗೆ ನಿಂತರೆ ಥೇಟ್ ಮೂಡಲಪಾಯ ಯಕ್ಷಗಾನದ ಅರ್ಜುನ. ಎದುರು ಮನೆಯವರು ಭಾಗವತಿಕೆಯನ್ನೂ ಶುರುಮಾಡುತ್ತಾರಂತೆ.

“ಏನಿಲ್ಲ ಸಾ, ಗಾಳಿ ತಳ್ಳೋದು ಅಷ್ಟೆ,” ಎಂದು ಅವರು ನಕ್ಕರು. “ಮೂವತ್ತು ವರ್ಸ ಗೇರು ತಳ್ಳಿದ್ದೆ. ಇದು ಅಷ್ಟು ಭಾರ ಇಲ್ಲ.”

ದೇಹದಲ್ಲಿ ‘ಚೀ’ ಎಂಬ ಪ್ರಾಣಶಕ್ತಿ ಹರಿಯುತ್ತದೆ, ಅದರ ತಡೆ ಬಿಡಿಸಿದರೆ ರೋಗ ಹೋಗುತ್ತದೆ ಎಂಬ ವಿವರಣೆ ನನಗೆ ರುಚಿಸುವುದಿಲ್ಲ. ಅದು ಪುರಾತನ ಎಂಬ ಬೆಡಗೂ ಪೂರ್ತಿ ನಿಜವಲ್ಲ. ಭಂಗಿಗಳು ಹಳೆಯವು, ಆದರೆ ಚಿಗೊಂಗ್ ಎಂಬ ಹೆಸರಿನಡಿ ಅವನ್ನೆಲ್ಲ ಒಟ್ಟುಮಾಡಿ ಆಸ್ಪತ್ರೆಗೆ ತಂದದ್ದು 1950ರ ದಶಕದ ಕಮ್ಯುನಿಸ್ಟ್ ಚೀನಾ. ಹೊಟ್ಟೆಹುಣ್ಣಿನಿಂದ ನರಳುತ್ತಿದ್ದ ಲಿಯು ಗುಯಿಜೆನ್ ಎಂಬ ಪಕ್ಷದ ಕಾರ್ಯಕರ್ತ ಅದರಿಂದ ಗುಣ ಕಂಡ. ಬೆಯ್‌ದಾಯ್‌ಹೆ ಕಡಲತೀರದಲ್ಲಿ ಅದಕ್ಕೆಂದೇ ಚಿಕಿತ್ಸಾಧಾಮ ಎದ್ದಿತು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಅದೇ ಮೂಢನಂಬಿಕೆ ಎನಿಸಿಕೊಂಡಿತು, ಎಂಬತ್ತರ ದಶಕದಲ್ಲಿ ಮತ್ತೆ ಹುಚ್ಚೆದ್ದು ಹರಡಿತು, 1999ರಲ್ಲಿ ಫಾಲುನ್ ಗಾಂಗ್ ಎಂಬ ಚಿಗೊಂಗ್ ಪಂಥದ ಮೇಲೆ ಸರ್ಕಾರ ಮುರಕೊಂಡು ಬಿದ್ದಾಗ ತಣ್ಣಗಾಯಿತು. 2003ರ ಹೊತ್ತಿಗೆ ಸರ್ಕಾರವೇ ನಾಲ್ಕು ಕ್ರಮಗಳನ್ನು ಆರಿಸಿ ಮುದ್ರೆ ಒತ್ತಿತು. ಡ್ರೈವರಣ್ಣನ ಎಂಟು ಭಂಗಿ ಆ ನಾಲ್ಕರಲ್ಲಿ ಒಂದು.

ಬಿಪಿ ಇಳಿಯುತ್ತದೆಯೇ? ಸ್ವಲ್ಪ ಇಳಿಯುತ್ತದೆ. ಚಿಗೊಂಗ್ ಮೇಲಿನ ಚೀನೀ ಅಧ್ಯಯನಗಳು ಬಹಳ, ಆದರೆ ಹೆಚ್ಚಿನವು ಸಣ್ಣವು, ಹೋಲಿಸಿ ನೋಡುವ ಶಿಸ್ತು ಕಡಿಮೆ. ಅದರ ದಾಯಾದಿ ತೈ ಚಿಗೆ ಇನ್ನೂ ಗಟ್ಟಿ ಸಾಕ್ಷ್ಯವಿದೆ. ಬಿಪಿಯ ಅಂಚಿನಲ್ಲಿದ್ದ 342 ಮಂದಿಯ ಮೇಲೆ ಚೀನಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷವಿಡೀ ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ ತೈ ಚಿ ಮಾಡಿದವರ ಬಿಪಿಯ ಮೇಲಿನ ಅಂಕಿ ಸರಾಸರಿ 7 ಇಳಿಯಿತು. ಬಿರುಸು ನಡಿಗೆ, ಓಟದಂಥ ವ್ಯಾಯಾಮ ಮಾಡಿದವರದು 4.6. ಇದಕ್ಕೆ ಚೀನಾಕ್ಕೇ ಹೋಗಬೇಕಿಲ್ಲ. ಮುಂಬೈನ ಹೃದ್ರೋಗ ತಜ್ಞ ಡಾ. ಕೆ.ಕೆ. ದಾತೆ ಬಿಪಿ ರೋಗಿಗಳನ್ನು ಶವಾಸನದಲ್ಲಿ ಮಲಗಿಸಿ ಅಳೆದು 1969ರಲ್ಲೇ ಬರೆದಿದ್ದರು. ನಿಧಾನ ಉಸಿರು, ನಿಧಾನ ಚಲನೆ ನರಗಳ ಬಿಗುವನ್ನು ಸಡಿಲಿಸುತ್ತವೆ, ರಕ್ತನಾಳ ಸ್ವಲ್ಪ ಹಿಗ್ಗುತ್ತದೆ. ನನಗೆ ಇಷ್ಟು ಸಾಕು, ‘ಚೀ’ ಬೇಡ.

ಡ್ರೈವರಣ್ಣ ಅದನ್ನು ಪೂರ್ತಿ ನಂಬಿಬಿಟ್ಟ ಕಾಲವೂ ಪುಸ್ತಕದಲ್ಲಿದೆ. ಸಿಂಗಪುರದಿಂದ ಬಂದ ಮೇಲೆ ಅಂಕಿಗಳು 130ರ ಒಳಗೇ ನಿಂತವು. ಒಂದು ಸೋಮವಾರ ಷರಾದಲ್ಲಿ ಕೆಂಪು ಶಾಯಿ: ‘ಮಾತ್ರೆ ನಿಲ್ಲಿಸಿದೆ. ಗಾಳಿ ಸಾಕು.’ ಅಲ್ಲಿಂದ ಮುಂದಿನ ಪುಟ ನೋಡಿ: 136, 141, 149, 158. ವ್ಯಾಯಾಮ ಒಂದು ದಿನವೂ ತಪ್ಪಿಲ್ಲ, ಅಂಕಿ ಮಾತ್ರ ಏರುತ್ತಲೇ ಇದೆ. ಕೊನೆಗೆ ಮನೆಗೆ ಬಂದ ಆಶಾ ಕಾರ್ಯಕರ್ತೆ ಪುಸ್ತಕ ನೋಡಿ, “ಅಣ್ಣ, ಇದನ್ನ ಬರಕೊಂಡು ಕೂತಿದ್ರೆ ಆಯ್ತಾ, ಓದಾದು ಬ್ಯಾಡ್ವಾ?” ಎಂದು ಗದರಿ ಆರೋಗ್ಯ ಕೇಂದ್ರಕ್ಕೆ ಎಳೆದೊಯ್ದಳು. ಅಮ್ಲೋಡಿಪಿನ್ ಮಾತ್ರೆ ಮತ್ತೆ ಶುರುವಾಯಿತು, ಅಂಕಿ ಇಳಿಯಿತು. ಮಾತ್ರೆಯ ಪರವಾಗಿ ಇದಕ್ಕಿಂತ ಒಳ್ಳೆಯ ಭಾಷಣವನ್ನು ನಾನು ಯಾವ ವೈದ್ಯರಿಂದಲೂ ಕೇಳಿಲ್ಲ.

ಇನ್ನು ಉಪ್ಪು. ಈ ಸೀಮೆಯ ಊಟದಲ್ಲಿ ಒಂದು ಅನುಕೂಲವಿದೆ: ಮುದ್ದೆಗೆ ಉಪ್ಪು ಹಾಕುವುದಿಲ್ಲ. ಇಡ್ಲಿ, ಚಪಾತಿ, ಉಪ್ಪಿಟ್ಟಿನಲ್ಲಿ ಅದು ಮೊದಲೇ ಸೇರಿರುತ್ತದೆ. ಮುದ್ದೆ ಊಟದಲ್ಲಿ ಇರುವುದೆಲ್ಲ ಸಾರಿನ ಉಪ್ಪು. ಸಾರಿನ ಉಪ್ಪು ಹಿಡಿದರೆ ಊಟದ ಉಪ್ಪು ಅರ್ಧ ಹಿಡಿದಂತೆ. ಹುರುಳಿ, ಅವರೆ, ಬೆರಕೆ ಸೊಪ್ಪಿನ ಮಸ್ಸೊಪ್ಪು, ಬಸ್ಸಾರು ಎಲ್ಲದರಲ್ಲೂ ಪೊಟ್ಯಾಸಿಯಂ ಇದೆ, ಅದು ಸೋಡಿಯಂನ ಎದುರಾಳಿ. ಅಮೆರಿಕದವರು 1997ರಲ್ಲಿ ಡ್ಯಾಷ್ ಎಂಬ ಹೆಸರಿಟ್ಟು ತೋರಿಸಿದ ತರಕಾರಿ–ಹಣ್ಣು–ಕಾಳಿನ ಪಥ್ಯದ ಅರ್ಧ ಇಲ್ಲಿನ ಅಜ್ಜಿಯರ ಅಡುಗೆಮನೆಯಲ್ಲೇ ಇತ್ತು. ಕೆಡಿಸುವುದು ಪಕ್ಕವಾದ್ಯ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಸಂಜೆಯ ಮಿಕ್ಸ್‌ಚರ್. ದಿನಕ್ಕೆ 5 ಗ್ರಾಂ ದಾಟಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನಲ್ಲೇ ಇರುವ ಐಸಿಎಂಆರ್ ಸಂಸ್ಥೆಯೊಂದರ ಲೆಕ್ಕದಲ್ಲಿ ಭಾರತೀಯರು ತಿನ್ನುವುದು ಸರಾಸರಿ 8 ಗ್ರಾಂ. ಡ್ರೈವರಣ್ಣನ ಹೆಂಡತಿ ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೇರಿಸಿದ ದಿನವೂ ಷರಾದಲ್ಲಿದೆ; ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ.

ಚೀನಾದಿಂದ ಕಲಿಯಬೇಕಾದದ್ದು ಇಲ್ಲಿದೆ ಎನ್ನುವುದು ನನ್ನ ವಾದ. ಅಲ್ಲಿನ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಐದು ವರ್ಷ ನಡೆದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಮಾಡಿದ್ದಿಷ್ಟೆ: ಅರ್ಧ ಹಳ್ಳಿಗಳಿಗೆ ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಯಿತು. ಬಿಲ್ಲೆಳೆಯುವ ಭಂಗಿಯ ವಿಡಿಯೊ ಲಕ್ಷಾಂತರ ಜನ ನೋಡುತ್ತಾರೆ, ಈ ಉಪ್ಪಿನ ಸುದ್ದಿ ಯಾರ ಮೊಬೈಲಿಗೂ ಬರುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟನ್‌ನಂಥ ಕೆಲವು ಮಾತ್ರೆ ನುಂಗುವವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು, ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ.

ಪುಸ್ತಕದ ನಡುವೆ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿತು. ಒಳಗೆ ಬೆರಳುದ್ದದ ಒಣಬೇರು. ಸಿದ್ಧರಬೆಟ್ಟಕ್ಕೆ ಹೋದಾಗ ಯಾರೋ ‘ಸರ್ಪಗಂಧ, ಬಿಪಿಗೆ ಬೆಸ್ಟು’ ಎಂದು ಕೈಗಿಟ್ಟಿದ್ದರಂತೆ. ಕೊರಟಗೆರೆ ತಾಲ್ಲೂಕಿನ ಆ ಬೆಟ್ಟ ಗಿಡಮೂಲಿಕೆಗೆ ಹೆಸರುವಾಸಿ, ಕೊಟ್ಟವರ ಮೇಲೆ ಅವರಿಗೆ ಅನುಮಾನ ಬಂದಿಲ್ಲ. ನುಂಗುವ ಧೈರ್ಯವೂ ಬಂದಿಲ್ಲ. ಸರ್ಪಗಂಧ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು, ಓದುಗರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು.

ಹಾವಿನ ಕಡಿತಕ್ಕೂ ಹುಚ್ಚಿಗೂ ನಮ್ಮಲ್ಲಿ ಬಳಕೆಯಲ್ಲಿದ್ದ ಈ ಬೇರು ರಕ್ತದೊತ್ತಡ ಇಳಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಅದರಿಂದ ಅಜ್ಮಲೀನ್ ತೆಗೆದರು, ತಮ್ಮ ಪೋಷಕ ಹಕೀಂ ಅಜ್ಮಲ್ ಖಾನ್ ನೆನಪಿಗೆ ಆ ಹೆಸರು. ಹೊರಗಿನವರು ಯಾರೂ ತಿರುಗಿ ನೋಡಲಿಲ್ಲ. 1949ರಲ್ಲಿ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ 50 ರೋಗಿಗಳ ಮೇಲಿನ ಫಲವನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ್ದೇ ತಡ, ಜಗತ್ತು ಎಚ್ಚೆತ್ತಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿ ಆ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿತು, ಮುಂದೆ ಅದನ್ನು ಸೆರ್ಪಾಸಿಲ್ ಎಂದು ಮಾರಿತು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ಆ ಮಾತ್ರೆ ನರದ ತುದಿಯಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನನ್ನು ಬರಿದುಮಾಡುತ್ತದೆ, ಒತ್ತಡ ಇಳಿಯುತ್ತದೆ. ಜೊತೆಗೆ ಮೂಗು ಕಟ್ಟುತ್ತದೆ, ಮಂಪರು ಕವಿಯುತ್ತದೆ, ಕೆಲವರಿಗೆ ಖಿನ್ನತೆ. ಹೊಸ ಮಾತ್ರೆಗಳು ಬಂದಂತೆ ನಮ್ಮಲ್ಲಿ ಅದು ಮರೆಯಾಯಿತು.

ಚೀನಾದಲ್ಲಿ ಮರೆಯಾಗಲಿಲ್ಲ! 1970ರ ದಶಕದಲ್ಲಿ ಅಲ್ಲಿನ ವೈದ್ಯರು ಕಡಿಮೆ ಪ್ರಮಾಣದ ರೆಸರ್ಪಿನ್‌ಗೆ ಇನ್ನು ಮೂರು ಔಷಧಿ ಸೇರಿಸಿ ‘ಬೀಜಿಂಗ್ ಬಿಪಿ ಮಾತ್ರೆ ಸೊನ್ನೆ ನಂಬರ್’ ಎಂಬ ಅಗ್ಗದ ಗುಳಿಗೆ ಮಾಡಿದರು. ಅದು ದಶಕಗಳ ಕಾಲ ಅಲ್ಲಿನ ಬಡವರ ಬಿಪಿ ಮಾತ್ರೆಯಾಗಿ ಓಡಿತು. ನಾವು ಅವರ ಉಸಿರಾಟ ಕಲಿಯುತ್ತಿದ್ದರೆ ಅವರು ನಮ್ಮ ಬೇರಿನ ಸಾರ ನುಂಗುತ್ತಿದ್ದರು. ಇದನ್ನು ಹೇಳಿದಾಗ ಡ್ರೈವರಣ್ಣ ಕವರನ್ನು ಇನ್ನೊಂದು ಸಲ ತಿರುಗಿಸಿ ನೋಡಿದರು. ಒಣಬೇರು ನೋಡಿ ಅದು ಯಾವುದು, ಅದರಲ್ಲಿ ಸತ್ವ ಎಷ್ಟು ಎಂದು ಹೇಳಲಾಗದು. ನುಂಗದೆ ಇಟ್ಟದ್ದೇ ಜಾಣತನ. ಅಳಿವಿನ ಅಂಚಿಗೆ ಬಂದ ಆ ಗಿಡದ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧವೂ ಇದೆ.

ಈ ಮಾತ್ರೆಗಳಿಗೂ ಮೊದಲು ಬಿಪಿಗೆ ಏನಿತ್ತು? ವಿಶ್ರಾಂತಿ. 1927ರ ಮಾರ್ಚ್‌ನಲ್ಲಿ ನಿಪ್ಪಾಣಿಯ ಪ್ರವಾಸದಲ್ಲಿ ಗಾಂಧೀಜಿ ಕುಸಿದಾಗ ವೈದ್ಯರ ಬಳಿ ಬೇರೆ ಅಸ್ತ್ರವಿರಲಿಲ್ಲ. ಏಪ್ರಿಲ್‌ನಲ್ಲಿ ಅವರನ್ನು ನಂದಿಬೆಟ್ಟಕ್ಕೆ ಕರೆತಂದರು. 1936ರಲ್ಲೂ ಅವರು ಅಲ್ಲಿಗೇ ಬಂದರು. ಇಂದು ಗಾಂಧಿ ನಿಲಯ ನೋಡಲು ಹೋಗುವವರಲ್ಲಿ ಎಷ್ಟು ಮಂದಿಗೆ ಅದೊಬ್ಬ ಬಿಪಿ ರೋಗಿಯ ಕೋಣೆ ಎಂಬುದು ಗೊತ್ತು?

ಬಡವನಹಳ್ಳಿಯಲ್ಲಿ ಆ ವಿಶ್ರಾಂತಿ ವಿದ್ಯುತ್ ಕಂಪನಿಯ ಕೈಯಲ್ಲಿದೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಬರುವುದು ಎಷ್ಟೋ ಸಲ ನಡುರಾತ್ರಿ. ಪುಸ್ತಕದಲ್ಲಿ ‘ರಾತ್ರಿ ಮೋಟಾರು’ ಎಂದಿರುವ ಮರುದಿನದ ಬೆಳಗಿನ ಅಂಕಿ ಹೆಚ್ಚುಕಡಿಮೆ ಪ್ರತಿ ಸಲವೂ ಏರಿದೆ. ಉಪ್ಪು ಬಿಡಿ, ನಡೆಯಿರಿ, ಚಿಂತೆ ಬಿಡಿ ಎಂದು ರೈತನಿಗೆ ಹೇಳುವ ಆರೋಗ್ಯ ಇಲಾಖೆ, ಇಂಧನ ಇಲಾಖೆಗೂ ಒಂದು ಪತ್ರ ಬರೆದರೆ ತಪ್ಪೇನಿಲ್ಲ.

ನೀವೂ ಇಂಥ ಪುಸ್ತಕ ಇಡುವುದಾದರೆ ಬೀಡಿ, ಕಾಫಿ ಮುಗಿಸಿ ಅರ್ಧ ಗಂಟೆ ಬಿಡಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಮಾತಾಡದೆ ಕೂರಿ. ಪಟ್ಟಿ ಸುತ್ತಿದ ತೋಳು ಎದೆಯ ಮಟ್ಟದಲ್ಲಿರಲಿ. ಆಸ್ಪತ್ರೆಯಲ್ಲಿ ಅಳೆದಾಗ ಮತ್ತೆ ಮತ್ತೆ 140/90 ಮುಟ್ಟಿದರೆ ಗಾಳಿ ತಳ್ಳುವ ಮೊದಲು ವೈದ್ಯರನ್ನು ನೋಡಿ, ನೋಡಿದ ಮೇಲೆ ಬೇಕಾದರೆ ತಳ್ಳಿ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ ಈಗ ಇತರ ಜಿಲ್ಲೆಗಳಿಗೂ ಹಬ್ಬಿರುವ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮೂವತ್ತು ದಾಟಿದವರ ಬಿಪಿಯನ್ನು ಮನೆಬಾಗಿಲಲ್ಲೇ ನೋಡುತ್ತಾರೆ. ಅಮ್ಲೋಡಿಪಿನ್ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ.