ಗಂಟುನೋವಿಗೆ ಮೊದಲು ಗಂಟಲುನೋವು: ಸೋಂಕಿನಿಂದ ಕೀಲುರೋಗ ಹುಟ್ಟುವ ಬಗೆ

ಕೀಲುನೋವಿಗೆ ನಮ್ಮ ಕಾಸರಗೋಡು ಕಡೆ ಗಂಟುನೋವು ಅಂತಲೇ ಹೇಳುವುದು. ಆ ನೋವಿಗೂ, ಕೆಲವು ವಾರ ಹಿಂದೆ ಬಂದುಹೋದ ಸೋಂಕಿಗೂ ಇರುವ ಸಂಬಂಧವೇ ಇವತ್ತಿನ ನನ್ನ ವಿಷಯ.

ಮೊದಲು ಒಂದು ವ್ಯತ್ಯಾಸ ನೋಡೋಣ. ಬ್ಯಾಕ್ಟೀರಿಯಾ ಕೀಲಿನ ಒಳಗೇ ಸೇರಿ ಕೀವು ಆಗುವುದುಂಟು. ಅದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ, ಆದರೆ ಆಟೋಇಮ್ಯೂನ್ ಕಾಯಿಲೆ ಅಲ್ಲ. ಆಟೋಇಮ್ಯೂನ್ ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಶದ ಮೇಲೆ ಎರಗುವುದು. ಅಲ್ಲಿ ಸೋಂಕು ಇರುವ ಜಾಗ ಒಂದು, ನೋವು ಕಾಣುವ ಜಾಗ ಇನ್ನೊಂದು. ನಡುವೆ ವಾರಗಳ ಅಂತರ.

ಇದಕ್ಕೆ ಸ್ಪಷ್ಟ ಉದಾಹರಣೆ ರುಮ್ಯಾಟಿಕ್ ಜ್ವರ. ಇದು ಹೆಚ್ಚಾಗಿ ಕಾಣುವುದು 5ರಿಂದ 15 ವರ್ಷದ ಮಕ್ಕಳಲ್ಲಿ. ಎ ಗುಂಪಿನ ಸ್ಟ್ರೆಪ್ಟೊಕಾಕಸ್‌ನಿಂದ ಗಂಟಲುನೋವು ಬರುತ್ತದೆ, ವಾಸಿಯೂ ಆಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಜ್ವರ, ಮೊಣಕಾಲು ಊತ. ಅದು ಇಳಿಯುವಾಗ ಕಣಕಾಲಿಗೆ, ಮತ್ತೆ ಮೊಣಕೈಗೆ. ಕಾರಣ ಏನು? ಈ ಬ್ಯಾಕ್ಟೀರಿಯಾದ ಮೈಮೇಲಿರುವ ಎಂ ಪ್ರೋಟೀನಿಗೂ ನಮ್ಮ ಹೃದಯದ ಮಯೋಸಿನ್ ಪ್ರೋಟೀನಿಗೂ ಹೋಲಿಕೆ ಇದೆ. ಒಂದರ ವಿರುದ್ಧ ತಯಾರಾದ ಪ್ರತಿಕಾಯ ಇನ್ನೊಂದನ್ನೂ ಹಿಡಿಯುತ್ತದೆ.

ಅಪಾಯ ಇರುವುದು ಮುಂದೆ. ಕೀಲಿನ ಊತ ಹೆಚ್ಚಾಗಿ ಗುರುತೇ ಉಳಿಸದೆ ಹೋಗುತ್ತದೆ. ಮನೆಯವರು "ಗುಣವಾಯಿತಲ್ಲ" ಅಂತ ಸುಮ್ಮನಾಗುತ್ತಾರೆ. ಆದರೆ ಹೃದಯದ ಕವಾಟಕ್ಕೆ, ಮುಖ್ಯವಾಗಿ ಮೈಟ್ರಲ್ ಕವಾಟಕ್ಕೆ ಆದ ಹಾನಿ ಉಳಿಯಬಹುದು. ಗಂಟಲುನೋವು ಶುರುವಾಗಿ 9 ದಿನದೊಳಗೆ ಪೆನಿಸಿಲಿನ್ ಕೊಟ್ಟರೆ ಈ ಜ್ವರವನ್ನೇ ತಡೆಯಬಹುದು. ಒಮ್ಮೆ ಬಂದವರಿಗೆ ಮತ್ತೆ ಬಾರದ ಹಾಗೆ 3–4 ವಾರಕ್ಕೊಂದು ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕಾಗುತ್ತದೆ.

ಎರಡನೆಯದು ರಿಯಾಕ್ಟಿವ್ ಆರ್ಥ್ರೈಟಿಸ್. ಇಲ್ಲಿ ಆರಂಭ ಕರುಳಿನಲ್ಲಿ ಅಥವಾ ಮೂತ್ರನಾಳದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫಿನ್ಲೆಂಡಿನಲ್ಲಿ ರಕ್ತಭೇದಿ ಹರಡಿದ ಮೇಲೆ ಕೀಲು, ಕಣ್ಣು, ಮೂತ್ರನಾಳ ಮೂರರಲ್ಲೂ ಉರಿಯೂತ ಕಂಡ 344 ರೋಗಿಗಳ ವಿವರವನ್ನು ಪಾರೋನೆನ್ 1948ರಲ್ಲಿ ಪ್ರಕಟಿಸಿದರು. ಭೇದಿಯಾದವರ ಲೆಕ್ಕಕ್ಕೆ ಇದು ತೀರಾ ಸಣ್ಣ ಸಂಖ್ಯೆ. ಹಾಗಾದರೆ ಇವರಿಗೇ ಯಾಕೆ? 1973ರಲ್ಲಿ ಒಂದು ಸುಳಿವು ಸಿಕ್ಕಿತು: ಇಂಥ ರೋಗಿಗಳಲ್ಲಿ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತು ಹೆಚ್ಚು. ಅಂದರೆ ಸೋಂಕು ಕಿಡಿ ಮಾತ್ರ, ಒಣಹುಲ್ಲು ಮೊದಲೇ ಇರಬೇಕು.

ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಸಂಬಂಧ ಇಷ್ಟು ನೇರ ಅಲ್ಲ. ವಸಡಿನ ರೋಗ ತರುವ ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್ ನಮ್ಮ ಪ್ರೋಟೀನಿನ ಆರ್ಜಿನಿನ್ ಅನ್ನು ಸಿಟ್ರುಲಿನ್ ಆಗಿ ಬದಲಿಸಬಲ್ಲದು. ಹೀಗೆ ಬದಲಾದ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳು ಕೀಲು ಊದುವ ವರ್ಷಗಳ ಮೊದಲೇ ರಕ್ತದಲ್ಲಿ ಸಿಗುತ್ತವೆ. ಹಾಗಂತ ವಸಡಿನ ಸೋಂಕೇ ಕಾರಣ ಎನ್ನುವುದು ಸಾಬೀತಾಗಿಲ್ಲ. ಬೀಡಿ-ಸಿಗರೇಟು, ವಂಶವಾಹಿ ಎಲ್ಲವೂ ಸೇರಿರುತ್ತವೆ.

ಈ ಮೂರರಲ್ಲಿ ಮೊದಲ ಎರಡನ್ನು ಗುರುತಿಸಬೇಕಾದರೆ "ಕಳೆದ ತಿಂಗಳು ಏನಾಗಿತ್ತು?" ಅಂತ ಕೇಳಲೇಬೇಕು. ಎಎಸ್‌ಒ ರಕ್ತಪರೀಕ್ಷೆ ಇದೆ, ನಿಜ. ಆದರೆ ಆ ಪರೀಕ್ಷೆ ಮಾಡಿಸಬೇಕು ಅಂತ ಹೊಳೆಯುವುದು ಉತ್ತರ ಕೇಳಿದ ಮೇಲೆ. ಗಡಿಯ ನಮಗೆ ಇಲ್ಲೊಂದು ತೊಡಕು. ವೈದ್ಯರು ಮಲಯಾಳದಲ್ಲಿ "ತೊಂಡವೇದನ ಇತ್ತಾ" ಎಂಬರ್ಥದಲ್ಲಿ ಕೇಳಿದರೆ, ಮಗುವನ್ನು ಕರೆತಂದ ಕನ್ನಡದ ಅಜ್ಜಿಗೆ ತಿಳಿಯುವುದು "ವೇದನ" ಮಾತ್ರ. ಅವರು ಮಗುವಿನ ಮೊಣಕಾಲು ತೋರಿಸುತ್ತಾರೆ. ಗಂಟಲಿನ ಮಾತು ಅಲ್ಲಿಗೇ ಬಿಟ್ಟುಹೋಗುತ್ತದೆ. ಆದ್ದರಿಂದ ನಮ್ಮ ಕ್ಲಿನಿಕ್ಕುಗಳಲ್ಲಿ ಈ ಎರಡು ಪ್ರಶ್ನೆಗಳನ್ನಾದರೂ ಕನ್ನಡದಲ್ಲಿ, ತುಳುವಿನಲ್ಲಿ ಬರೆದಿಡಬೇಕು: ಇತ್ತೀಚೆಗೆ ಗಂಟಲುನೋವು ಇತ್ತಾ? ಭೇದಿ ಆಗಿತ್ತಾ? ಖರ್ಚಿಲ್ಲದ ಕೆಲಸ; ಒಂದು ಮಗುವಿನ ಹೃದಯ ಉಳಿದೀತು.